ಅತ್ತೆಗೆ ಹೇಳಿದ ಕಣಗಳ ಸಂಗತಿ

ಮದುವೆಯಾಗಿ ಶಹಾಪುರದ ಹತ್ತಿರದ ಊರಿಗೆ ಬಂದಾಗ ಭೌತಶಾಸ್ತ್ರದಲ್ಲಿ ನನ್ನ ಪಿಎಚ್‌ಡಿ ಇನ್ನೂ ಮುಗಿದಿರಲಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಎಲ್ಲರೂ ಭತ್ತದ ನಾಟಿಗೆ ಹೊರಟರೂ ಅತ್ತೆ ನನ್ನನ್ನು ಓದಲು ಬಿಟ್ಟು ಹೋಗುತ್ತಿದ್ದರು. ಒಂದು ಸಂಜೆ ಪಕ್ಕದಲ್ಲಿ ಬಂದು ಕೂತರು.

“ನಿಮ್ಮ ಸೊಸಿ ಏನ್ ಓದಾಕತ್ತಾಳ ಅಂತ ಹೆಣ್ಮಕ್ಕಳು ಕೇಳ್ತಾರವ್ವ. ನನಗ ಹೇಳಾಕ ಬರವಲ್ದು.”

“ಭಾಳ ಥಂಡಿಯೊಳಗ ಇಟ್ಟ ವಸ್ತುವಿನ ಕಣಗಳು ಮ್ಯಾಲ ನೋಡಬೇಕೋ ಕೆಳಗ ನೋಡಬೇಕೋ ಅಂತ ನಿರ್ಧಾರ ಮಾಡಿರಂಗಿಲ್ರಿ, ಅತ್ತಿ. ಅವನ್ನ ಅಡ್ಡ ಎಳಿಯೋ ಹೊರಗಿನ ಕಾಂತದ ಬಲ ಇಳಿಸ್ತಾ ಹೋದ್ರ, ಒಂದು ಹಂತ ದಾಟಿದ ಮ್ಯಾಲ ಎಲ್ಲಾ ಒಂದೇ ಕಡಿ ತಿರುಗಬೇಕು. ಆದ್ರ ಆ ಹಂತದ ಹತ್ರ ಅವು ಭಾಳ ಮಂದ ಆಗ್ತಾವ. ನಾವು ಅವಸರ ಮಾಡಿದ್ರ ಆ ಕಡಿ ಒಂದಷ್ಟು, ಈ ಕಡಿ ಒಂದಷ್ಟು ಗುಂಪಾಗಿ ಒಡೀತಾವ್ರಿ. ಎಷ್ಟು ಗುಂಪು ಆಗ್ತಾವ ಅನ್ನೋದ ನನ್ನ ಲೆಕ್ಕ.”

ಮರುದಿನ ಬುತ್ತಿ ಒಯ್ದಾಗ ಬದುವಿನ ಮೇಲೆ ಅತ್ತೆ ಇದನ್ನೇ ಎಲ್ಲರಿಗೂ ಹೇಳುತ್ತಿದ್ದರು.

“ಕಣ ಅಂದ್ರ ರಾಶಿ ಮಾಡೋ ಕಣ ಏನ್ರಿ?” ಒಬ್ಬಾಕೆ ಕೇಳಿದಳು.

“ಅಲ್ಲವ್ವ, ಇದು ಕಣ್ಣಿಗೆ ಕಾಣಂಗಿಲ್ಲ. ನಮ್ಮ ಸೊಸಿಗಷ್ಟ ಕಾಣ್ತದ.”

ನನಗೂ ಕಾಣುವುದಿಲ್ಲವೆಂದು ಹೇಳಲು ಮನಸ್ಸಾಗದೆ ನಗುತ್ತಾ ಬುತ್ತಿ ಬಿಚ್ಚಿದೆ.