ಸಿಗಾರು ಪೆಟ್ಟಿಗೆಯಲ್ಲಿ ಮಲ್ಲಿಗೆ

ಸರೋಜಮ್ಮನಿಗೆ ಸವತಿ ಇರಲಿಲ್ಲ. ಇದ್ದದ್ದು ಒಂದು ಪೆಟ್ಟಿಗೆ.

ಅವಳ ಗಂಡ ಗೋವಿಂದರಾಜು ನಜರ್‌ಬಾದಿನ ಬಂಗಲೆಯೊಂದರಲ್ಲಿ ಬಟ್ಲರ್ ಆಗಿದ್ದವನು. ಸ್ವಾತಂತ್ರ್ಯ ಬಂದ ಮರುವರ್ಷ ಅಲ್ಲಿನ ಬಿಳಿಯ ದೊರೆ ವಿಲಾಯತಿಗೆ ಹೊರಟಾಗ, ತನ್ನ ಸಿಗಾರುಗಳ ದೇವದಾರು ಪೆಟ್ಟಿಗೆಯನ್ನು ಅವನ ಕೈಗಿತ್ತು, ಚಳಿಗಾಲಕ್ಕೆ ವಾಪಸು ಬರುತ್ತೇನೆ, ಒಣಗದ ಹಾಗೆ ನೋಡಿಕೋ ಎಂದಿದ್ದ. ಪೆಟ್ಟಿಗೆ ಇಟ್ಟಿಗೆಗೂಡು ಮೊಹಲ್ಲಾದ ಅವರ ಪುಟ್ಟ ಮನೆಯ ತಣ್ಣನೆಯ ಮೂಲೆಗೆ ಬಂದು ಕೂತಿತು. ಸರೋಜಮ್ಮ ಆ ಮನೆಯಲ್ಲಿ ಎರಡನೆಯವಳಾದಳು.

ಮುಚ್ಚಳದ ಒಳಗೆ ಒಂದು ಸ್ಪಂಜು. ಕಾಯಿಸಿ ಆರಿಸಿದ ನೀರಲ್ಲಿ ಅದನ್ನು ಅದ್ದಿ, ಹನಿ ಉದುರದಂತೆ ಹಿಂಡಿ ಇಡಬೇಕು. ತೇವ ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಮೇಲಿನ ಎಲೆ ಬಿರುಕು. ಬೆಳಗ್ಗೆ ಎದ್ದವನೇ ಗೋವಿಂದರಾಜು ಒಂದು ಸಿಗಾರನ್ನು ಎತ್ತಿ, ಎಳೆಗೂಸಿನ ಕೆನ್ನೆ ಮುಟ್ಟಿದ ಹಾಗೆ ಒತ್ತಿ ನೋಡುತ್ತಿದ್ದ. ಬೇಸಿಗೆಗೆ ಸರೋಜಮ್ಮನ ಹಿಮ್ಮಡಿ ಒಡೆದು ರಕ್ತ ಜಿನುಗಿದಾಗ ಆ ಬೆರಳು ಈ ಕಡೆ ಬರಲಿಲ್ಲ.

"ಆ ಚುಟ್ಟಕ್ಕೆ ಮಾಡೋ ಸೇವೇಲಿ ಕಾಲು ಭಾಗ ಮಾಡಿದ್ರೆ ನಾನೂ ಮೆತ್ತಗಿರ್ತಿದ್ದೆ ಕಣ್ರೀ."

"ಚುಟ್ಟ ಅನ್ಬೇಡ. ಸಿಗಾರು."

ಅದನ್ನು ಅವಳು ನುಂಗಿಕೊಂಡಳು. ನುಂಗಲಾಗದ್ದು ಹೂವಿನ ಮಾತು. ಹೂಟಗಳ್ಳಿಯಲ್ಲಿ ಮಲ್ಲಿಗೆ ಬೆಳೆಯುವವರ ಮಗಳು ಅವಳು. ಒದ್ದೆ ಬಟ್ಟೆಯಲ್ಲಿ ಮೊಗ್ಗು ಸುತ್ತಿಡುತ್ತಲೇ ಬೆಳೆದವಳು. ತಲೆಗೆ ಹೂವಿಲ್ಲದೆ ಎಂದೂ ಸಂಜೆಯ ದೀಪ ಹಚ್ಚಿದವಳಲ್ಲ. ಒಂದು ಶುಕ್ರವಾರ ದಂಡೆ ಮುಡಿದು, ಮೂಲೆಯಲ್ಲಿದ್ದ ಎಣ್ಣೆಯ ಕುಡಿಕೆ ತರಲು ಹೊರಟಾಗ ಗಂಡ ತಡೆದ.

"ಹೂವು ತೆಗೆದಿಟ್ಟು ಹೋಗೆ. ಹೊಗೆಸೊಪ್ಪು ಹೂವಿನ ವಾಸನೆ ಹಿಡ್ಕೊಂಡ್ಬುಡ್ತದೆ."

"ನೀವು ಬದುಕಿರೋವಾಗಲೇ ಮುತ್ತೈದೆಗೆ ಹೂವು ತೆಗಿ ಅಂತೀರಲ್ಲ."

"ಆ ಮೂಲೆಗೆ ಹೋಗುವಾಗ ಮಾತ್ರ ಅಂದೆ."

ಅಂದು ಅವಳು ತೆಗೆದಳು. ಮುಂದಿನ ಶುಕ್ರವಾರ ಸಂಜೆ ಗಂಡ ಮಾರ್ಕೆಟ್ಟಿಗೆ ಹೋದ ಹೊತ್ತಿಗೆ ಪೆಟ್ಟಿಗೆಯನ್ನೇ ತೆರೆದಳು. ಸಾಲಾಗಿ ಮಲಗಿದ್ದವು, ಒಂದು ಗೆರೆಯೂ ಇಲ್ಲದ ನುಣ್ಣನೆಯ ಕಂದು ಮೈ. ತನ್ನ ಅಂಗೈ ನೋಡಿಕೊಂಡಳು, ಬೂದಿಯಲ್ಲಿ ಪಾತ್ರೆ ಉಜ್ಜಿ ಒರಟಾದ ಅಂಗೈ. ತಲೆಯ ದಂಡೆ ಬಿಚ್ಚಿ ಅವುಗಳ ಮೇಲೆ ಹಾಸಿ ಮುಚ್ಚಳ ಹಾಕಿದಳು.

ಮರುದಿನ ಬೆಳಗ್ಗೆ ಗೋವಿಂದರಾಜು ಮುಚ್ಚಳ ಎತ್ತಿದ್ದೇ ಮನೆಯೆಲ್ಲ ಮಲ್ಲಿಗೆ. ಒಂದು ಸಿಗಾರನ್ನು ಮೂಸಿದ, ಇನ್ನೊಂದನ್ನು ಮೂಸಿದ. ಗೋಡೆಗೆ ಒರಗಿ ಕೂತುಬಿಟ್ಟ.

"ದೊರೆ ಬಂದ್ರೆ ಏನಂತ ಹೇಳ್ಲಿ?"

"ನನ್ನ ಹೆಂಡ್ತಿ ಹೂವು ಮುಡೀತಾಳೆ ಅಂತ ಹೇಳಿ."

ಅವನು ಬೈಯಲಿಲ್ಲ. ದಂಡೆಯನ್ನು ಎತ್ತಿ ಬೆಳಕಿಗೆ ಹಿಡಿದ.

"ನಿನ್ನೆ ಸಂಜೆಯ ಹೂವು ಕಣೆ. ಒಂದು ಎಸಳೂ ಬಾಡಿಲ್ಲ ನೋಡು."

ಅವನ ಮುಖ ಅರಳಿತ್ತು. ಅರಳಿದ್ದು ಹೂವಿಗಲ್ಲ, ತಾನು ಕಾಪಾಡಿದ ತೇವಕ್ಕೆ ಎಂದು ತಿಳಿದು ಸರೋಜಮ್ಮನ ಹೊಟ್ಟೆ ಮತ್ತೆ ಉರಿಯಿತು. ಅದು ಅವನಿಗೆ ಕಂಡಿತೋ ಏನೋ, ದಂಡೆಯನ್ನು ಅವಳ ಕಡೆ ಚಾಚಿದ.

"ತಗೊ. ಇನ್ನು ಎಲ್ಲಿಗೆ ಬೇಕಾದ್ರೂ ಮುಡ್ಕೊಂಡೇ ಹೋಗು. ಅದು ಕೆಟ್ಟಿದ್ದು ಕೆಟ್ಟೋಯ್ತು."

ಅವಳು ಮುಡಿದಳು. ಕತ್ತು ತಿರುಗಿಸಿದಾಗಲೆಲ್ಲ ಮಲ್ಲಿಗೆಯ ಒಳಗಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಸವತಿ ತಲೆಯ ಮೇಲೇ ಹತ್ತಿ ಕೂತಂತೆ. ಆದರೂ ತೆಗೆಯಲಿಲ್ಲ. ಕೆಲಸವಿದ್ದರೂ ಇಲ್ಲದಿದ್ದರೂ, ಸಂಜೆಯವರೆಗೆ ಆ ಮೂಲೆಗೆ ಹೋಗಿ ಹೋಗಿ ಬಂದಳು.