ಜೈನಬಕ್ಕನ ಕಾಫಿ, ನನ್ನ ಬಿಟ್‌ಕಾಯಿನ್ ನೋಡ್

ಜೈನಬಕ್ಕ ಒಂದು ಟ್ರೇ ತುಂಬ ಅರೆಬರೆ ಒಣಗಿದ ಕಾಫಿ ಹಿಡಿದು ನನ್ನ ಅಂಗಡಿಗೆ ಬಂದಾಗ, ನಾನು ಕಂಪ್ಯೂಟರ್ ಆಫ್ ಮಾಡಲು ಕೈ ಚಾಚಿದ್ದೆ.

ಮೊದಲು ಆ ಕಂಪ್ಯೂಟರಿನ ಕಥೆ ಹೇಳಿಬಿಡುತ್ತೇನೆ. ಮೂಡಿಗೆರೆಯಲ್ಲಿ ನನ್ನದು ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಯಾರೋ ಬೇಡವೆಂದು ಬಿಟ್ಟುಹೋದ ಹಳೇ ಡೆಸ್ಕ್‌ಟಾಪಿನಲ್ಲಿ ಬಿಟ್‌ಕಾಯಿನ್ ನೋಡ್ ನಡೆಸುತ್ತೇನೆ.

ನೋಡ್ ಅಂದರೆ ಇಷ್ಟೇ... ಬಿಟ್‌ಕಾಯಿನ್ ಹುಟ್ಟಿದಾಗಿನಿಂದ ನಡೆದ ಎಲ್ಲ ವ್ಯವಹಾರವನ್ನೂ ಕಾಪಿಟ್ಟುಕೊಂಡು, ಹೊಸದಾಗಿ ಬರುವ ಪ್ರತಿಯೊಂದನ್ನೂ ತಾನೇ ಪರೀಕ್ಷಿಸುವ ಕಂಪ್ಯೂಟರ್. ಅದನ್ನು ನಡೆಸಿದ್ದಕ್ಕೆ ಯಾರೂ ಬಿಡಿಗಾಸು ಕೊಡುವುದಿಲ್ಲ. ಜಗತ್ತಿನಲ್ಲಿ ಅಷ್ಟೊಂದಿವೆ, ನಮ್ಮ ಗುಡ್ಡದಲ್ಲೂ ಒಂದಿರಲಿ ಎಂಬ ಹುಚ್ಚು ನನಗೆ.

ಯಾವುದೋ ರಿಪೇರಿಗೆಂದು ಅದನ್ನು ಕೆಲವು ತಿಂಗಳು ಬಂದ್ ಮಾಡಿಟ್ಟಿದ್ದೆ. ಮತ್ತೆ ಚಾಲೂ ಮಾಡಿದಾಗ ಅಷ್ಟೂ ತಿಂಗಳ ಬಾಕಿ ಓದಬೇಕಲ್ಲ? ನೋಡಿದರೆ ಅಷ್ಟರಲ್ಲಿ ಜನ ಅದರೊಳಗೆ ಕೋತಿ ಚಿತ್ರ, ಕಪ್ಪೆ ಚಿತ್ರ, ತಾವೇ ಹೆಸರಿಟ್ಟ ನಾಣ್ಯದಂಥ ಟೋಕನ್ನು ಅಂತ ಬರೆದು ಗುಡ್ಡೆ ಹಾಕಿದ್ದರು!

ಕಳಸದಿಂದ ಸಂಸೆಗೆ ಹೋಗುವ ಜೀಪು ಗೊತ್ತಲ್ಲ? ಚಾರ್ಜ್ ಕೊಟ್ಟರೆ ಮನುಷ್ಯರ ಸೀಟಿನಲ್ಲಿ ಗೊಬ್ಬರದ ಮೂಟೆಯೂ ಕೂರುತ್ತದೆ. ಇಲ್ಲೂ ಹಾಗೇ, ಫೀಸ್ ಕಟ್ಟಿದವರು ಏನು ಬೇಕಾದರೂ ತುಂಬಬಹುದು, ಹೊರುವವರು ನಮ್ಮಂಥವರು.

ಚಿತ್ರಗಳು ಡಿಸ್ಕಿನ ಜಾಗ ತಿನ್ನುತ್ತವೆ. ಟೋಕನ್ನುಗಳದ್ದು ಇನ್ನೂ ದೊಡ್ಡ ತರಲೆ. ಅವು ಉದುರಿಸಿ ಹೋಗುವ ಚೂರುಪಾರು ಬಿಟ್‌ಕಾಯಿನ್ ಚಿಲ್ಲರೆಯನ್ನು ಯಾರೂ ಮುಟ್ಟದಿದ್ದರೂ ನೋಡ್ ಒಂದೊಂದನ್ನೂ ನೆನಪಿಟ್ಟುಕೊಳ್ಳಬೇಕು.

ನನ್ನ ಮುದಿ ಡೆಸ್ಕ್‌ಟಾಪಿಗೆ ಅಷ್ಟು ಮೆಮೊರಿ ಎಲ್ಲಿಂದ ಬರಬೇಕು? ಪ್ರತಿ ಸಲ ಡಿಸ್ಕೆಲ್ಲ ತಡಕಾಡುತ್ತದೆ, ಬಿಸಿಯಾಗುತ್ತದೆ, ಫ್ಯಾನುಗಳು ಬೊಬ್ಬೆ ಹೊಡೆಯುತ್ತವೆ. ವಾರವಿಡೀ ಇದೇ ಪಾಡು, ಆ ಕೋತಿ ಬರೆದವರಿಗೆಲ್ಲ ಬೈದು ಬೈದು ನನಗೇ ಸಾಕಾಗಿತ್ತು.

ಈಗ ಜೈನಬಕ್ಕ. ನನ್ನ ಅಂಗಡಿ ಇರುವ ಬಿಲ್ಡಿಂಗಿನ ಓನರ್, ದೇವರಮನೆ ರೋಡಿನಲ್ಲಿ ಚಿಕ್ಕದೊಂದು ಕಾಫಿ ತೋಟವೂ ಇದೆ. ಸಣ್ಣ ಬೆಳೆಗಾರರ ಕಾಫಿ ರುಚಿ ಸ್ಪರ್ಧೆಗೆ ಅವರು ಈ ಸಲ ಸ್ಯಾಂಪಲ್ ಕೊಡಬೇಕಿತ್ತು, ನಾಡಿದ್ದು ಬೆಳಿಗ್ಗೆ ಕಡೇ ಸಮಯ.

ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಳಗಿನ ತೆಳು ಹೊಟ್ಟು ಮಾತ್ರ ಉಳಿದ ಪಾರ್ಚ್‌ಮೆಂಟ್ ಮಾಡಿ ಕಣದಲ್ಲಿ ಹರವಿದ್ದರು. ಅರ್ಧ ಒಣಗುವಷ್ಟರಲ್ಲಿ ಮೋಡ ಕವಿದು ಕೂತಿತು, ಬಿಸಿಲಿನ ಸುಳಿವೇ ಇಲ್ಲ.

ಹಿಂದಿನ ದಿನ ಚಾರ್ಜರ್ ಕೇಳಲು ಬಂದವರು ನನ್ನ ನೋಡ್‌ನ ಫ್ಯಾನಿಗೆ ಕೈ ಒಡ್ಡಿ ನೋಡಿ ಹೋಗಿದ್ದರು. ಯಾಕೆಂದು ಆಗ ನನಗೆ ಹೊಳೆದಿರಲಿಲ್ಲ.

"ಇದನ್ನ ಆಫ್ ಮಾಡ್ಬೇಡ ಮಾರಾಯ," ಅಂದರು. "ಒಲೆ ಮೇಲಿಟ್ರೆ ಕಾಫಿಗೆ ಹೊಗೆ ಹಿಡೀತದೆ, ಕುಡಿದ ಕೂಡ್ಲೆ ಅವ್ರಿಗೆ ಗೊತ್ತಾಗ್ತದೆ. ನಿನ್ನ ಡಬ್ಬಿ ಗಾಳಿಗೆ ವಾಸ್ನೆನೇ ಇಲ್ಲ."

ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಕಂಪ್ಯೂಟರಿನ ಹಿಂದೆ ಎರಡು ಸ್ಟೂಲ್ ಇಟ್ಟು, ಬಿಸಿಗಾಳಿ ನೇರ ಬಡಿಯುವ ಹಾಗೆ ಟ್ರೇ ಕೂರಿಸಿದೆವು.

ಅಲ್ಲಿಂದ ಅಂಗಡಿ ಜೈನಬಕ್ಕನ ಸುಪರ್ದಿಗೆ ಹೋಯಿತು. ಸೋಲ್ಡರಿಂಗ್ ಹೊಗೆ ತಾಗುತ್ತದೆಂದು ರಿಪೇರಿ ಬಂದ್. ಬೀಡಿ ಸೇದಿ ಬಂದ ಗಿರಾಕಿಯನ್ನು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿದರು, ಪಾಪ ಆತ ಬಂದದ್ದು ಬರೀ ಸ್ಕ್ರೀನ್ ಗಾರ್ಡ್ ಹಾಕಿಸಲು.

ಮರುದಿನ ಮಧ್ಯಾಹ್ನ ಪವಾಡವೇ ನಡೆಯಿತು. ನೋಡ್ ಬಾಕಿಯೆಲ್ಲ ಮುಗಿಸಿ, ಲೋಕದ ಜೊತೆ ಸಮ ಬಂದು ನಿಂತಿತು! ನಾನು ಕುರ್ಚಿ ಸಮೇತ ಒಂದು ಸುತ್ತು ತಿರುಗಿದೆ.

ಕೆಲಸ ಹಗುರಾದ ಕೂಡಲೇ ಫ್ಯಾನುಗಳು ತಣ್ಣಗಾದವು... ಗಾಳಿಯೂ.

ಜೈನಬಕ್ಕ ಒಂದು ಬೀಜದ ಹೊಟ್ಟು ಸುಲಿದು ಹಲ್ಲಿನಲ್ಲಿ ಕಚ್ಚಿ ನೋಡಿದರು. ಹಲ್ಲಿನ ಗುರುತು ಮೂಡಿತೇ ಹೊರತು ಬೀಜ ಮುರಿಯಲಿಲ್ಲ. ಸರಿಯಾಗಿ ಒಣಗಿದ್ದರೆ ಅದು ಕಟ್ ಅನ್ನಬೇಕು.

"ಇಷ್ಟು ವರ್ಷ ನನ್ನ ಕಾಫಿ ಅಣ್ಣಂದಿರ ಮೂಟೆ ಜೊತೇಲೇ ಹೋಯ್ತು," ಅಂದರು ಮೆಲ್ಲಗೆ. "ಈ ಸಲ ಜೈನಬ ಅಂತ ಬರೆಸ್ಬೇಕು ಅಂತಿದ್ದೆ."



ಸ್ಕ್ರೀನ್ ನೋಡಿದೆ. ವಾರವಿಡೀ ಏಗಿ ಗೆದ್ದ ನೋಡ್ ಮಿನುಗುತ್ತಿದೆ. ಅದನ್ನು ಮತ್ತೆ ಬಿಸಿ ಮಾಡುವ ದಾರಿ ನನಗೆ ಗೊತ್ತಿದ್ದದ್ದು ಒಂದೇ.

ಕಣ್ಣು ಮುಚ್ಚಿ ಆ ಕಮಾಂಡ್ ಕೊಟ್ಟೇಬಿಟ್ಟೆ. ಮೊದಲ ದಿನದಿಂದ ಎಲ್ಲವನ್ನೂ ಮತ್ತೆ ಓದು, ಒಂದು ವ್ಯವಹಾರದ ಸಹಿಯನ್ನೂ ಬಿಡದೆ ಪರೀಕ್ಷಿಸು!

ಫ್ಯಾನುಗಳು ವಿಮಾನ ಏಳುವ ಹಾಗೆ ಮೊರೆದವು. ನಾನು ಮಾಡಿಕೊಂಡ ಅನಾಹುತ ಜೈನಬಕ್ಕನಿಗೆ ಗೊತ್ತಿಲ್ಲ, ಅವರು ಖುಷಿಯಿಂದ ಬೆರಳಾಡಿಸಿ ಬೀಜ ಮಗುಚತೊಡಗಿದರು. ನನಗೂ ಯಾಕೋ ನಗು ತಡೆಯಲಾಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬೀಜ ಕಟ್ ಅಂತು. ಆ ಸದ್ದು ಕೌಂಟರ್ ಈಚೆಗಿದ್ದ ನನಗೂ ಕೇಳಿಸಿತು. ಸ್ಯಾಂಪಲ್ ಹಿಡಿದು ಅವರು ಚಿಕ್ಕಮಗಳೂರು ಬಸ್ ಹತ್ತಿದರು.

ಮೊನ್ನೆ ಸುದ್ದಿ ಬಂತು, ಜೈನಬ ಎಂಬ ಹೆಸರಿನ ಕಾಫಿ ಮೊದಲ ಸುತ್ತು ಪಾಸ್! ರುಚಿ ನೋಡಿದವರು ಬಹಳ ಶುದ್ಧವಾಗಿದೆ ಅಂದರಂತೆ.

ನನ್ನ ನೋಡ್ ಮಾತ್ರ ಮತ್ತೆ ಆ ಕೋತಿ ಚಿತ್ರಗಳ ಕಾಲದಲ್ಲಿ ಸಿಕ್ಕಿಹಾಕಿಕೊಂಡು ಏದುಸಿರು ಬಿಡುತ್ತಿದೆ. ಈ ಸಲ ಯಾಕೋ ಬೈಯಲು ಬಾಯಿಯೇ ಬರುತ್ತಿಲ್ಲ.

ನಿನ್ನೆ ಜೈನಬಕ್ಕ ಬಂದು ಪಕ್ಕದ ಖಾಲಿ ರೂಮಿನ ಕೀ ನನ್ನ ಕೌಂಟರ್ ಮೇಲಿಟ್ಟು ಹೋದರು. ಬಾಡಿಗೆ ಬೇಡವಂತೆ, ಮುಂದಿನ ಕೊಯ್ಲಿನೊಳಗೆ ಅಲ್ಲೂ ಒಂದು ನೋಡ್ ಹಾಕಬೇಕಂತೆ.

ಆದ್ದರಿಂದ ಸ್ನೇಹಿತರೇ, ಚೆನ್ನಾಗಿ ಬಿಸಿಯಾಗುವ ಹಳೇ ಡೆಸ್ಕ್‌ಟಾಪ್ ಯಾರ ಹತ್ತಿರ ಇದೆ?