ನಾನು ಮಲಗದೆ ಬೆಳಗಾಗುವುದಿಲ್ಲ

ನನಗೆ ಸಿಟ್ಟು ಬೇಗ ಬರುವುದಿಲ್ಲ. ಬಂದದ್ದು ಹೋಗುವುದೂ ಇಲ್ಲ. ಅಣ್ಣನ ಮೇಲಿನ ಒಂದು ಸಿಟ್ಟನ್ನು ಇಪ್ಪತ್ತೆಂಟು ವರ್ಷ ಇಟ್ಟುಕೊಂಡಿದ್ದೆ. ಅದನ್ನು ತೀರಿಸಿಕೊಳ್ಳಲು ಕಡೆಗೆ ನನಗೆ ಸಿಕ್ಕ ಜಾಗ ಮೊಬೈಲಿನ ಒಂದು ಆಟ. ನಲವತ್ತು ದಾಟಿದವ ಇದನ್ನು ಹೇಳಿಕೊಳ್ಳಲು ನಾಚಬೇಕು. ನನಗೆ ನಾಚಿಕೆ ಇಲ್ಲ.

ಆಟ ಕಲಿಸಿದವಳು ಅಣ್ಣನ ಮಗಳು. ಕುಮಟಾದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅಣ್ಣ ಅಲ್ಲೇ ಹೈಸ್ಕೂಲು ಮಾಸ್ತರ, ಅಪ್ಪ ಅವನ ಮನೆಯಲ್ಲೇ ಇರುವುದು. ನಾನು ಹೊನ್ನಾವರದಲ್ಲಿ ವೈರು, ಬಲ್ಬು, ಫ್ಯಾನು ಮಾರುವವ. ಸಂಜೆ ಏಳಕ್ಕೆ ಗಿರಾಕಿ ಕಡಿಮೆಯಾದ ಮೇಲೆ ನಾನು ಕೌಂಟರಿನ ಹಿಂದೆ, ಅಣ್ಣ ಮತ್ತು ಮಗಳು ತಮ್ಮ ಮನೆಯಲ್ಲಿ, ಮೈಕಿನಲ್ಲಿ ಮಾತಾಡಿಕೊಳ್ಳುತ್ತ ಮೂರು ಮೊಬೈಲಿನಿಂದ ಒಂದೇ ಲೋಕಕ್ಕೆ ಇಳಿಯುತ್ತಿದ್ದೆವು. ಅಲ್ಲಿ ಮಣ್ಣು, ಮರ, ಸೂರ್ಯ ಎಲ್ಲ ಚೌಕ. ಕಡಿಯಬೇಕು, ಅಗೆಯಬೇಕು, ಮನೆ ಕಟ್ಟಬೇಕು, ಹಸಿದರೆ ಬೆಳೆದು ತಿನ್ನಬೇಕು. ನಮ್ಮ ಇಪ್ಪತ್ತು ನಿಮಿಷಕ್ಕೆ ಅಲ್ಲಿ ಒಂದು ಹಗಲು, ಒಂದು ರಾತ್ರಿ.

ಕತ್ತಲಾಯಿತೋ, ಹೆಣಗಳು ಎದ್ದು ಬರುತ್ತವೆ. ಹತ್ತಿರ ಬಂದು ಸಿಡಿದು ಗೋಡೆ ಕೆಡಹುವ ಇನ್ನೊಂದು ಜಾತಿಯೂ ಇದೆ. ಇದಕ್ಕೆಲ್ಲ ಒಂದೇ ಉಪಾಯ, ಹಾಸಿಗೆಯಲ್ಲಿ ಮಲಗುವುದು. ಮಲಗಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬೆಳಗಾಗುತ್ತದೆ. ಆದರೆ ಲೋಕದಲ್ಲಿದ್ದವರೆಲ್ಲ ಮಲಗಬೇಕು. ಒಬ್ಬ ಎಚ್ಚರವಿದ್ದರೂ ಅಷ್ಟೂ ಕತ್ತಲೆಯನ್ನು ಎಲ್ಲರೂ ಕಳೆಯಲೇಬೇಕು. ಯಾರು ಮಲಗಿದರು, ಯಾರು ಮಲಗಲಿಲ್ಲ ಎಂದು ಪರದೆಯ ಮೇಲೆ ಬರೆದು ಬರುತ್ತದೆ. ಆ ಸಾಲನ್ನು ಮೊದಲ ದಿನ ಓದಿದಾಗಲೇ ನನಗೆ ಮೈ ಬಿಸಿಯಾಗಿತ್ತು. ನನ್ನ ಹದಿಮೂರನೇ ವಯಸ್ಸಿನಲ್ಲಿ ಇಂಥ ಒಂದು ಸಾಲು ಇದ್ದಿದ್ದರೆ ನಾನು ಇವತ್ತು ಬಲ್ಬು ಮಾರುತ್ತಿರಲಿಲ್ಲ.

ಆಗ ನಾವಿದ್ದದ್ದು ಭಟ್ಕಳದ ಕಡೆ, ಕಾಯ್ಕಿಣಿಯಲ್ಲಿ. ಗುಡ್ಡದ ಬುಡಕ್ಕೆ ನಮ್ಮ ಗದ್ದೆ. ಭತ್ತ ಹಾಲು ತುಂಬುವ ಹೊತ್ತಿಗೆ ಗುಡ್ಡದಿಂದ ಹಂದಿ ಇಳಿಯುತ್ತಿದ್ದವು. ಗದ್ದೆಯ ತಲೆಯಲ್ಲಿ ನಾಲ್ಕು ಕಂಬದ ಮೇಲೆ ಸೋಗೆ ಹೊದೆಸಿದ ಮಾಳ ಕಟ್ಟಿ, ಅದರಲ್ಲಿ ಕೂತು ರಾತ್ರಿ ಕಾಯಬೇಕು. ನಡುರಾತ್ರಿಯವರೆಗೆ ನನ್ನ ಪಾಳಿ, ಆಮೇಲೆ ಅಣ್ಣನದು. ಆಗಾಗ ಒಂದು ಮಾಳದವರು 'ಕೂ' ಹಾಕುತ್ತಾರೆ, ಉಳಿದ ಮಾಳದವರು ತಿರುಗಿ 'ಕೂ' ಎನ್ನಬೇಕು. ಎನ್ನದಿದ್ದರೆ ಅಲ್ಲಿಯವ ನಿದ್ದೆ ಹೋದ ಎಂದೇ ಲೆಕ್ಕ.

ಆ ರಾತ್ರಿ ನನ್ನ ಪಾಳಿಯ ಕೂಗನ್ನೆಲ್ಲ ಕೂಗಿ, ಅಣ್ಣನನ್ನು ಎಬ್ಬಿಸಿ, ಅವನು ಎದ್ದು ಕೂತದ್ದನ್ನು ನೋಡಿಯೇ ನಾನು ಮಲಗಿದೆ. ಬೆಳಗ್ಗೆ ನೋಡಿದರೆ ಅರ್ಧ ಗದ್ದೆ ಚಾಪೆಯ ಹಾಗೆ ಮಲಗಿತ್ತು. ನಡುರಾತ್ರಿಯ ಮೇಲೆ ನಿಮ್ಮ ಮಾಳದಿಂದ ಕೂ ಬರಲಿಲ್ಲ ಎಂದು ಪಕ್ಕದ ಗದ್ದೆಯವರು ಹೇಳಿದರು. ಅಪ್ಪ ಕೇಳಿದ, "ಆಮೇಲಿನ ಪಾಳಿ ಯಾರದ್ದಾಗಿತ್ತು?" ಅಣ್ಣ ನನ್ನ ಮುಖ ಸಹ ನೋಡಲಿಲ್ಲ. "ನಂಗೆ ಪರೀಕ್ಷೆ ಇತ್ತಲ್ಲ, ಪಾಳಿ ಬದಲು ಮಾಡ್ಕಂಡಿದ್ವು. ತಮ್ಮಂದು" ಎಂದ. ನಾನು ಕಿರುಚಿದೆ, ಅತ್ತೆ. ಪರೀಕ್ಷೆ ಇದ್ದ ಹುಡುಗ ಸುಳ್ಳು ಹೇಳುತ್ತಾನೆ ಎಂದು ಯಾರು ನಂಬುತ್ತಾರೆ?

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. 'ನಿದ್ದೆಬುರುಕ' ಎಂದು ಹೆಸರಿಟ್ಟ. ಅಣ್ಣನಿಗೆ ಓದು ಬೇಕಿತ್ತು, ನನಗೆ ಗದ್ದೆ ಬೇಕಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ನನ್ನ ಹತ್ತನೇ ಕ್ಲಾಸು ಮುಗಿದದ್ದೇ "ಇವನ ಕೈಲಿ ಗದ್ದೆ ಕೊಟ್ರೆ ಹಂದಿಗೇ ಕೊಟ್ಟ ಹಾಗೆ" ಎಂದು ಅಪ್ಪ ಗದ್ದೆಯನ್ನು ಬೇರೆಯವರಿಗೆ ಗೇಣಿಗೆ ಬಿಟ್ಟ. ನನ್ನನ್ನು ಹೊನ್ನಾವರದ ಅಂಗಡಿಗೆ ಸೇರಿಸಿದ. ಇವತ್ತಿಗೂ ಮನೆಯಲ್ಲಿ ನಾಲ್ಕು ಜನ ಸೇರಿದರೆ ಆ ಕತೆ ಎದ್ದೇಳುತ್ತದೆ, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಅಣ್ಣನೂ ನಗುತ್ತಾನೆ. ಅವನ ಆ ನಗುವನ್ನು ನಾನು ಕ್ಷಮಿಸಿಲ್ಲ.

ಹಾಗಾಗಿ ಆಟದಲ್ಲಿ ನಾನು ಮೊದಲು ಮಾಡಿದ್ದು ಗದ್ದೆ. ಹೊಳೆಯ ಬದಿಗೆ ನೆಲ ಅಗೆದು, ನೀರು ಹರಿಸಿ, ಗೋಧಿ ಬಿತ್ತಿದೆ. ಭತ್ತ ಅಲ್ಲಿ ಇಲ್ಲ, ಇದ್ದದ್ದರಲ್ಲೇ ಸುಖಪಟ್ಟೆ. ಅಪ್ಸರಕೊಂಡಕ್ಕೆ ಹೋಗುವ ಪ್ರವಾಸಿಗರು ಚಾರ್ಜರ್ ಕೇಳಿಕೊಂಡು ಬಂದರೆ, ಪೈರು ಹಸಿರಿನಿಂದ ಹಳದಿಗೆ ತಿರುಗುವುದನ್ನು ಒಂದು ಕಣ್ಣಿನಲ್ಲಿ ನೋಡುತ್ತಲೇ ಚಾರ್ಜರ್ ಕೊಡುತ್ತಿದ್ದೆ. ಅಣ್ಣ ಅಲ್ಲಿ ಶಾಲೆ ಕಟ್ಟಿದ. ಎಂಟು ಕೋಣೆ, ಗಂಟೆ, ಧ್ವಜಕಂಬ. ಆ ಮನುಷ್ಯನಿಗೆ ಬೇರೆ ಎಂತ ಹೊಳೆಯಬೇಕು?

ಆಟದಲ್ಲಿ ಅಗೆದ ಗದ್ದೆಯ ಮೇಲೆ ಹಾರಿದರೆ ಮಣ್ಣು ಗಟ್ಟಿಯಾಗಿ ಪೈರು ಕಿತ್ತುಹೋಗುತ್ತದೆ. ಒಂದು ಸಂಜೆ ನಾನು ಗಿರಾಕಿಗೆ ಫ್ಯಾನು ಕಟ್ಟಿಕೊಟ್ಟು ಬರುವುದರೊಳಗೆ ಅಣ್ಣ ಶಾಲೆಗೆ ಅಡ್ಡದಾರಿ ಮಾಡಿಕೊಂಡು ನನ್ನ ಗದ್ದೆಯ ನಡುವೆಯೇ ಹಾರಿಕೊಂಡು ಹೋಗಿದ್ದ. ಎರಡು ಸಾಲು ನೆಲಸಮ. ಯಾರು ಮಾಡಿದ್ದು ಎಂದು ಕೇಳಿದೆ. ಅಣ್ಣ ಮೈಕಿನಲ್ಲಿ ನಕ್ಕ. "ಹಂದಿ ಬಂದಿತ್ತೇನೋ. ನೀ ಮಲಗಿದ್ಯಾ ಎಂತ?"

ಅವತ್ತು ಕತ್ತಲಾದಾಗ ನಾನು ಹಾಸಿಗೆಗೆ ಹೋಗಲಿಲ್ಲ. ನೋಡೋಣ, ಕಾಯಲಿ ಎನಿಸಿತು.

ಮೊದಲು ಅವನು ನನಗೆ ಒತ್ತಲು ಬರುವುದಿಲ್ಲ ಎಂದುಕೊಂಡ. "ಹಾಸಿಗೆ ಮೇಲೆ ಬೆರಳು ಇಡಾ" ಎಂದು ಕ್ಲಾಸಿನಲ್ಲಿ ಹೇಳಿದ ಹಾಗೆ ಹೇಳಿಕೊಟ್ಟ. ನಾನು ಹೂಂ ಎಂದೆ, ಇಡಲಿಲ್ಲ. ಎರಡನೇ ರಾತ್ರಿ ಶಾಲೆಯ ಮೂಲೆಯ ಕೋಣೆ ಸಿಡಿಯಿತು. ಅವನು ಹಗಲೆಲ್ಲ ಕಲ್ಲು ಅಗೆದು ತಂದು ಕಟ್ಟುವುದು, ರಾತ್ರಿ ಬೀಳುವುದು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಮದುವೆಯ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಮೂರು ರಾತ್ರಿ ಮಲಗದವನನ್ನು ಹುಡುಕಿಕೊಂಡು ಆಕಾಶದಿಂದ ಒಂದು ಜಾತಿಯ ರೆಕ್ಕೆಯ ಪಿಶಾಚಿಗಳು ಬರುತ್ತವೆ, ಅವು ನನ್ನನ್ನೂ ಕಚ್ಚಿದವು. ಕಚ್ಚಲಿ. ನಾನು ಗದ್ದೆಯ ತಲೆಯಲ್ಲಿ ನಾಲ್ಕು ಕಂಬ ನೆಟ್ಟು ಒಂದು ಮಾಳ ಕಟ್ಟಿಕೊಂಡು, ಕತ್ತಿ ಹಿಡಿದು ಅದರಲ್ಲಿ ಕೂತೆ.

ವಾರ ಹೀಗೇ ಹೋಯಿತು. ಅಣ್ಣನ ಮಗಳು ಫೋನು ಮಾಡಿ, "ಚಿಕ್ಕಪ್ಪ, ನಿಂಗೆ ಎಂತಾಗಿದೆ? ಅಪ್ಪ ಪಾಪ, ದಿನಾ ಗೋಡೆ ಕಟ್ತಾ ಇದ್ದ" ಎಂದಳು. ಅಪ್ಪ ಪಾಪವಂತೆ!

ಭಾನುವಾರ ಸಂಜೆ ಆಟದಲ್ಲಿ ಕತ್ತಲಾಯಿತು. ಅವರಿಬ್ಬರೂ ಮಲಗಿದರು. ನಾನು ಮಾಳದಲ್ಲಿ ಕೂತಿದ್ದವ ಏನೋ ತೋಚಿ, ಅಂಗಡಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಮೈಕಿಗೆ ಬಾಯಿಟ್ಟು ಜೋರಾಗಿ 'ಕೂ' ಹಾಕಿದೆ. ಅಣ್ಣನಿಂದ ಕೂ ಬರಲಿಲ್ಲ. ಆದರೆ ಆಚೆಯಿಂದ ಮುದಿ ಗಂಟಲಿನ ಒಂದು 'ಕೂ' ತಿರುಗಿ ಬಂತು. ಅಪ್ಪ ಮೊಮ್ಮಗಳ ಪಕ್ಕದಲ್ಲಿ ಕೂತಿದ್ದ, ಅಭ್ಯಾಸಬಲದಿಂದ ಕೂಗಿದ್ದ.

"ಯಾರು ಅದು, ಮಾಳದಲ್ಲಿ?" ಎಂದು ಕೇಳಿದ.

"ಚಿಕ್ಕಪ್ಪ, ಅಜ್ಜ. ಮಲಗೂದೇ ಇಲ್ಲ ಅಂವ" ಎಂದಳು ಅವಳು.

"ಅಂವ ಕಾಯ್ತಾ ಇದ್ನಾ? ಹಂಗಾದ್ರೆ ಹಂದಿಗೆ ಹಬ್ಬ!" ಅಪ್ಪ ನಕ್ಕ. ಮೊಮ್ಮಗಳು ನಕ್ಕಳು. ಅಣ್ಣನೂ ನಕ್ಕ.

ಆ ನಗು ಮುಗಿಯಲು ನಾನು ಬಿಡಲಿಲ್ಲ. "ಅಣ್ಣಾ, ಅಪ್ಪ ಅಲ್ಲೇ ಇದಾನೆ. ಆ ರಾತ್ರಿ ಮಾಳದಲ್ಲಿ ನಿದ್ದೆ ಹೋದವ ಯಾರು ಅಂತ ಈಗ ಹೇಳು. ಹೇಳಿದ್ರೆ ಮಲಗ್ತೆ. ಇಲ್ಲದಿದ್ರೆ ನಿನ್ನ ಶಾಲೆಯ ಒಂದು ಗೋಡೆಯೂ ಉಳಿಯೂದಿಲ್ಲ" ಎಂದೆ.

ಅಣ್ಣನ ಹೆಸರಿನ ಪಕ್ಕದ ಮೈಕಿನ ಗುರುತಿಗೆ ಕೆಂಪು ಗೆರೆ ಬಿತ್ತು. ಮೈಕು ಮುಚ್ಚಿಕೊಂಡಿದ್ದ. ಮಗಳ ಮೈಕು ತೆರೆದೇ ಇತ್ತು. "ಯಾವ ರಾತ್ರಿ ಅಪ್ಪ? ಎಂತದು?" ಎಂದು ಅವಳು ಕೇಳುವುದು ಕೇಳಿಸಿತು. ಶಾಲೆಯ ಹಿಂದಿನ ಗೋಡೆ ಸಿಡಿಯಿತು. ಆಮೇಲೆ ಧ್ವಜಕಂಬದ ಬುಡ. ನಾನು ಮಾಳದಿಂದ ಅಲುಗಲಿಲ್ಲ.

ಕೆಂಪು ಗೆರೆ ಹೋಯಿತು. "ನಾನೇ ಅಪ್ಪ" ಎಂದ ಅಣ್ಣ. ದನಿ ಸಣ್ಣದಾಗಿತ್ತು. "ಪಾಳಿ ಬದಲು ಮಾಡಿರಲಿಲ್ಲ. ನಾನೇ ನಿದ್ದೆ ಹೋದದ್ದು. ತಮ್ಮ ಅಲ್ಲ."

ಇಪ್ಪತ್ತೆಂಟು ವರ್ಷ ಕಾದ ಮಾತು ಅದು. ನಾನು ಕೌಂಟರಿಗೆ ಮೊಣಕೈ ಊರಿಕೊಂಡು ಅಪ್ಪನ ಬಾಯಿಂದ ಏನು ಬರುತ್ತದೆ ಎಂದು ಕಿವಿಗೊಟ್ಟು ಕೂತೆ. ಅಪ್ಪ ಹೇಳಿದ್ದು ಮೊಮ್ಮಗಳಿಗೆ.

"ನೋಡಿದ್ಯಾ ನಿನ್ನ ಅಪ್ಪನ? ಹಿರಿಯ ಅಂದ್ರೆ ಹೀಂಗಿರಬೇಕು. ತಮ್ಮಂಗೆ ಬೇಜಾರ ಆಗ್ತದೆ ಅಂತ ಅವನ ತಪ್ಪನ್ನ ತಾ ಹೊತ್ಕಂಡ."

"ಅಪ್ಪಾ, ನೀ ಎಷ್ಟು ಒಳ್ಳೆಯವ!" ಎಂದಳು ಅವಳು.

ಅಣ್ಣ ಈಗ ಅಲ್ಲ ಎನ್ನುತ್ತಾನೆ ಎಂದು ಕಾದೆ. ಒಂದು ಸಲ ನಿಜ ಹೇಳಿದವನಿಗೆ ಇನ್ನೊಂದು ಸಲ ಹೇಳುವುದು ಏನು ಕಷ್ಟ? "ಆತು, ಬಿಡು ಅಪ್ಪ" ಎಂದ. ಅಷ್ಟೇ.

ಮಾತು ಕೊಟ್ಟಿದ್ದೆನಲ್ಲ, ಹೋಗಿ ಮಲಗಿದೆ. ಬೆಳಗಾಯಿತು. ಅವರಿಬ್ಬರೂ ಬಿದ್ದ ಕಲ್ಲು ಆರಿಸುತ್ತ ಶಾಲೆಯ ಮುಂದೆ ನಿಂತರು. ನಾನು ಗದ್ದೆಯಲ್ಲಿ ಮಾಗಿದ ಗೋಧಿ ಕೊಯ್ದು ಮತ್ತೆ ಬಿತ್ತಿದೆ. ಮತ್ತೆ ಸೂರ್ಯ ಇಳಿದ, ಮತ್ತೆ ಅವರಿಬ್ಬರು ಹಾಸಿಗೆಗೆ ಹೋದರು. ನಾನು ಮಾಳ ಹತ್ತಿದೆ.

"ಚಿಕ್ಕಪ್ಪಾ, ಇನ್ನೂ ಎಂತಕ್ಕೆ? ಅಪ್ಪ ಹೇಳಿ ಆತಲ್ಲ?" ಎಂದಳು ಅಣ್ಣನ ಮಗಳು.

"ಅಜ್ಜ ಅಲ್ಲೇ ಇದಾನಾ?"

"ಇಲ್ಲೇ ಇದ್ದ."

"ಪರದೆ ಮೇಲೆ ಎಂತ ಬರೆದು ಬಂದದೆ, ಅಜ್ಜನಿಗೆ ಕೇಳುವ ಹಾಗೆ ಓದು."

ಅವಳು ಓದಿದಳು. ಅಣ್ಣನ ಹೆಸರು ಹೇಳಿ, ಮಲಗಿದ್ದಾನೆ ಎಂದಳು. ನನ್ನ ಹೆಸರು ಹೇಳಿ, ಎಚ್ಚರವಿದ್ದಾನೆ ಎಂದಳು. ಆಚೆ ಯಾರೂ ನಗಲಿಲ್ಲ.

"ಇನ್ನೊಮ್ಮೆ ಓದು" ಎಂದೆ.